ಟೊಂಕಕ್ಕೆ ಕಟ್ಟಿದ್ದು

ಮಳೆಗಾಲ ಶುರುವಾಗುತ್ತಿದ್ದಂತೆ ಪುಣೆಯ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಈ ಶನಿವಾರ ರಾಜಗಡವೋ ತೋರಣಾವೋ? ಚೀಲ ಯಾವುದು ತಗೊಳ್ಳಲಿ? ಎರಡನೆಯದಕ್ಕೆ ಈಚೆಗೆ ಹೆಚ್ಚಾಗಿ ಸಿಗುವ ಉತ್ತರ ‘ಲಂಬಾರ್ ಪ್ಯಾಕ್’. ಹೆಗಲಿಗೆ ಜೋತುಬೀಳದೆ ಸೊಂಟದ ಹಿಂಬದಿಯಲ್ಲಿ, ಬೆನ್ನು ಒಳಕ್ಕೆ ಬಾಗುವ ಜಾಗದಲ್ಲಿ ಒತ್ತಿ ಕೂರುವ ಚೀಲ. ಅದರಲ್ಲೂ ‘ಮಾಡ್ಯುಲರ್’ ಆದರೆ ಅಗಲವಾದ ಒಂದು ಪಟ್ಟಿ ಇರುತ್ತದೆ. ನೀರಿನ ಬಾಟಲಿಗೊಂದು, ಕ್ಯಾಮೆರಾಕ್ಕೊಂದು, ಔಷಧಿಗೊಂದು ಎಂದು ಬೇಕಾದ ಚೀಲಗಳನ್ನು ಅದಕ್ಕೆ ಸಿಕ್ಕಿಸಬಹುದು, ಬೇಡವಾದಾಗ ಬಿಚ್ಚಿಡಬಹುದು. ‘ಮಾಡ್ಯುಲರ್’ ಎಂಬ ಪದವನ್ನು ಆಫೀಸಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳುವವನಾದ್ದರಿಂದ ನನಗೆ ಅದರ ಮೇಲೆ ಸ್ವಲ್ಪ ಗುಮಾನಿ. ಹೀಗಾಗಿ ಚೀಲ ಕೊಳ್ಳುವ ಮೊದಲು ಅದರ ಹಿಂದಿನ ಕಥೆ ಕೆದಕಿದೆ. ಇದೆಲ್ಲ ನಮ್ಮಲ್ಲಿ ಆಗಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವ ಆಸೆ ನನಗಿಲ್ಲ. ಆದರೆ ಮೈಮೇಲೆ ಎಲ್ಲಿ ಹೊರುತ್ತೇವೆ ಎಂಬುದಕ್ಕೂ, ಹೊತ್ತದ್ದು ಯಾರದು ಎಂಬುದಕ್ಕೂ ಹಳೆಯ ನಂಟೊಂದು ಇರುವುದು ಕಾಣತೊಡಗಿತು.

ಎಲೆಯಡಿಕೆಯ ಸಂಚಿಯಿಂದಲೇ ಶುರುಮಾಡೋಣ. ನಮ್ಮ ಕಡೆ ಚಂಚಿ ಅಂತಲೂ ಅನ್ನುತ್ತಾರೆ. ಮರಾಠಿಯಲ್ಲೂ ಅದು ಚಂಚಿಯೇ, ಆದ್ದರಿಂದ ಪುಣೆಯಲ್ಲಿ ಈ ಪದಕ್ಕೆ ಅನುವಾದ ಬೇಕಾಗಿಲ್ಲ. ಒಳಗೆ ಹಲವು ಅರೆಗಳು. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ತಂಬಾಕು, ಅಡಕತ್ತರಿ. ಸುಣ್ಣ ಎಲೆಗೆ ತಾಗಬಾರದು, ಎಲೆಯ ಹಸಿ ತಂಬಾಕಿಗೆ ತಗುಲಬಾರದು, ಕತ್ತಲಲ್ಲೂ ಕೈ ನೇರವಾಗಿ ಅಡಿಕೆಗೇ ಹೋಗಬೇಕು. ಮಡಚಿ, ಸುತ್ತಿ, ದಾರ ಬಿಗಿದು ಟೊಂಕಕ್ಕೆ ಸಿಕ್ಕಿಸಿಕೊಂಡರೆ ಆಯಿತು. ಇವತ್ತು ಚೀಲ ಆರಿಸುವಾಗ ಲೀಟರ್ ಲೆಕ್ಕಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ಎಂಟು ಲೀಟರಿನ ಒಂದೇ ಖಾಲಿ ಹೊಟ್ಟೆಗಿಂತ ಐದು ಲೀಟರಿನ ನಾಲ್ಕು ಅರೆ ಮೇಲು. ಮಳೆಯಲ್ಲಿ ಒದ್ದೆಯಾದ ರೇನ್‌ಕೋಟೂ ಒಣಗಿರಬೇಕಾದ ಬ್ಯಾಂಡೇಜೂ ಒಂದೇ ಅರೆಯಲ್ಲಿದ್ದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ.

ಈ ಚೀಲವೇ ಹೆಸರಾಗಿ ಅಂಟಿಕೊಂಡ ಕವಯಿತ್ರಿಯೊಬ್ಬಳು ಕನ್ನಡದಲ್ಲಿದ್ದಾಳೆ: ಸಂಚಿಯ ಹೊನ್ನಮ್ಮ. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು, ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಬರೆದವಳು. ರೈತನ ಟೊಂಕದ ಚಂಚಿ ಅವನದೇ. ಹೊನ್ನಮ್ಮನ ಕೈಯ ಸಂಚಿ ಮಾತ್ರ ಅರಮನೆಯದು, ಆದರೆ ಇವತ್ತು ಉಳಿದಿರುವುದು ಸಂಚಿ ಹೊತ್ತವಳ ಪುಸ್ತಕ. ಅವಳ ಊಳಿಗವೇ ಅವಳ ಹೆಸರಿನ ಮೊದಲ ಪದವಾಗಿ ನಿಂತಿರುವುದನ್ನು ಶಾಲೆಯಲ್ಲಿ ಯಾರೂ ನಮಗೆ ನಿಲ್ಲಿಸಿ ತೋರಿಸಲಿಲ್ಲ.

ಹೆಂಗಸರಿಗೆ ಚೀಲವೇ ಬೇಕಿರಲಿಲ್ಲ, ಉಡಿ ಇತ್ತು. ಉತ್ತರ ಕರ್ನಾಟಕದ ಹೊಲಗಳಲ್ಲಿ ಹತ್ತಿ ಬಿಡಿಸುವವರು ಸೆರಗನ್ನೋ ಬಟ್ಟೆಯನ್ನೋ ನಡುವಿಗೆ ಕಟ್ಟಿ ಉಡಿ ಮಾಡಿಕೊಳ್ಳುತ್ತಾರೆ. ಎರಡೂ ಕೈ ಕೆಲಸಕ್ಕೆ ಬಿಡುವು. ಮದುವೆ, ಸೀಮಂತ ಎಂದರೆ ಉಡಿ ತುಂಬುವ ಶಾಸ್ತ್ರ. ಮನೆಗೆ ಬರುವ ಒಳ್ಳೆಯದೆಲ್ಲ ಸೊಂಟದ ಆ ಮಡಿಕೆಯಲ್ಲೇ ಬರಬೇಕು ಎಂಬ ನಂಬಿಕೆ. ಎಷ್ಟು ಹಿಡಿಸಬೇಕು ಎಂಬ ಪ್ರಶ್ನೆಗೂ ನಮ್ಮಲ್ಲಿ ಒಂದು ಕಥೆಯಿದೆ. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದಳಂತೆ. ಭಕ್ತಿಯ ಕಥೆ ನಿಜ. ಆದರೆ ಚಾರಣದ ಹಿಂದಿನ ರಾತ್ರಿ ಹಾಸಿಗೆ ಮೇಲೆ ಹರಡಿದ ಸಾಮಾನು ನೋಡುವಾಗಲೂ ನನಗೆ ಲಕ್ಕಮ್ಮನೇ ನೆನಪಾಗುವುದು. ಚೀಲ ದೊಡ್ಡದಾದಷ್ಟೂ ತುಂಬುವ ಚಪಲ ದೊಡ್ಡದು. ಒಂದು ಹಗಲಿನ ನಡಿಗೆಗೆ ಎರಡು ಲೀಟರ್ ನೀರು ಎಂದರೆ ಅಲ್ಲೇ ಎರಡು ಕೆಜಿ. ಉಳಿದದ್ದೆಲ್ಲ ಇನ್ನೆರಡು ಕೆಜಿಯೊಳಗೆ ಮುಗಿಯಬೇಕು. ಅದನ್ನು ದಾಟಿದರೆ ಸೊಂಟದ ಪಟ್ಟಿ ಹೊಟ್ಟೆಯನ್ನು ಬಿಗಿಯತೊಡಗುತ್ತದೆ. ಅಂಥವರು ಹೆಗಲಿನ ಚೀಲವನ್ನೇ ಕೊಳ್ಳುವುದು ವಾಸಿ.

ಸೊಂಟದಲ್ಲಿ ಹಿಂಬದಿಯೇ ಯಾಕೆ? ಇದಕ್ಕೆ ಕೊಡಗಿನವರ ಉತ್ತರ ನನಗೆ ಬಹಳ ಇಷ್ಟ. ಕುಪ್ಯದ ಮೇಲೆ ಕಟ್ಟುವ ಕೆಂಪು ಚೇಲೆಯ ಮುಂಭಾಗದಲ್ಲಿ ಚಿಕ್ಕ ಪೀಚೆಕತ್ತಿ. ಬಾಗಿದ, ಅಗಲ ಅಲಗಿನ ಒಡಿಕತ್ತಿಗೆ ಬೇರೆ ಜಾಗ, ಬೆನ್ನ ಹಿಂದೆ ಸೊಂಟಕ್ಕೆ ಕಟ್ಟಿದ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿ. ಕತ್ತಿಗೆ ಒರೆಯಿಲ್ಲ, ಅಲಗನ್ನು ಕೊಂಡಿಯೊಳಗೆ ಇಳಿಬಿಟ್ಟರೆ ನಿಲ್ಲುತ್ತದೆ, ಕೈ ಹಿಂದಕ್ಕೆ ಚಾಚಿ ಎಳೆದರೆ ಬರುತ್ತದೆ. ಈಗ ಅದು ಮದುವೆಯ, ಹಬ್ಬದ ಉಡುಗೆ. ಆದರೆ ಹುಟ್ಟಿದ್ದು ಕಾಡಿನಲ್ಲಿ ಓಡಬೇಕಾದವರಿಗಾಗಿ. ಮುಂದೆ ತೂಗಿದರೆ ಹತ್ತುವಾಗ ತೊಡೆಗೆ ಬಡಿಯುತ್ತದೆ, ಪಕ್ಕದಲ್ಲಿದ್ದರೆ ಪೊದೆಗೆ ಸಿಕ್ಕಿಕೊಳ್ಳುತ್ತದೆ. ಪುಣೆಯಿಂದ ಘಾಟಿ ಇಳಿದು ಕೊಂಕಣದ ಕಡೆ ಹೋದರೂ, ನಮ್ಮ ಮಲೆನಾಡಿನ ತೋಟಗಳಿಗೆ ಹೋದರೂ ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡವರು ಕಾಣುತ್ತಾರೆ. ಇಳಿಜಾರಿನಲ್ಲಿ ದುಡಿಯುವವರೆಲ್ಲ ಒಂದೇ ಜಾಗಕ್ಕೆ ಬಂದು ಮುಟ್ಟಿದ್ದಾರೆ.

ಮೆಕ್ಯಾನಿಕ್ಸ್ ಓದಿದವರಿಗೆ ಇದರ ಕಾರಣ ಸರಳ. ನೆಟ್ಟಗೆ ನಿಂತ ಮನುಷ್ಯನ ಗುರುತ್ವಕೇಂದ್ರ ಇರುವುದು ಹೊಕ್ಕುಳಿನ ತುಸು ಕೆಳಗಿನ ಮಟ್ಟದಲ್ಲಿ. ಭಾರ ಅದಕ್ಕೆ ಹತ್ತಿರವಿದ್ದಷ್ಟೂ ದೇಹವನ್ನು ತಿರುಗಿಸಿ ಬೀಳಿಸುವ ಬಲ ಕಡಿಮೆ. ಹೆಗಲಮಟ್ಟದ ನಾಲ್ಕು ಕೆಜಿ ಒದ್ದೆ ಬಂಡೆಯ ಮೇಲೆ ನಮ್ಮನ್ನು ತೂಗಾಡಿಸುತ್ತದೆ, ಸೊಂಟದ ನಾಲ್ಕು ಕೆಜಿ ನಮ್ಮ ಜೊತೆಗೇ ತಿರುಗುತ್ತದೆ. ಚೀಲ ಸೊಂಟದಿಂದ ಎಷ್ಟು ಹಿಂದಕ್ಕೆ ಚಾಚಿಕೊಂಡಿದೆ ಎಂಬುದೂ ಅಷ್ಟೇ ಮುಖ್ಯ. ಅಂಗಡಿಯಲ್ಲಿ ತುಂಬಿದ ಬಾಟಲಿ ಹಾಕಿಸಿ, ಕಟ್ಟಿಕೊಂಡು, ನಾಲ್ಕು ಸಲ ಬಗ್ಗಿ ಎದ್ದು ನೋಡಿ. ನಾಚಿಕೆ ಬೇಡ.

ಸಿಕ್ಕಿಸಿ ಬಿಚ್ಚುವ ಪಟ್ಟಿಯ ಕಥೆ ಮಾತ್ರ ಸೈನ್ಯದ್ದು, ಮತ್ತು ಅದರ ಒಂದು ತುದಿ ನಮ್ಮ ದೇಶದಲ್ಲೇ ಇದೆ. ಬಂಗಾಳದ ಬ್ಯಾರಕ್‌ಪುರದಲ್ಲಿ ಹುಟ್ಟಿದ ಸ್ಯಾಮ್ ಬ್ರೌನ್ ಎಂಬ ಅಧಿಕಾರಿ 1858ರ ಕದನದಲ್ಲಿ ಎಡಗೈ ಕಳೆದುಕೊಂಡ. ಆ ಕಾಲದಲ್ಲಿ ಕತ್ತಿಯ ಒರೆಯನ್ನು ಹಿಡಿದು ಸಂಭಾಳಿಸಬೇಕಾದದ್ದು ಎಡಗೈ. ಅದಕ್ಕಾಗಿ ಅವನು ಒರೆ ಅಲುಗದಂತೆ ಸೊಂಟದ ಪಟ್ಟಿಗೆ ಹೆಗಲ ಮೇಲಿನಿಂದ ಇನ್ನೊಂದು ಪಟ್ಟಿ ಕೊಟ್ಟ. ನಮ್ಮ ಪೊಲೀಸ್ ಅಧಿಕಾರಿಗಳ ಸಮವಸ್ತ್ರದಲ್ಲಿ ಇವತ್ತೂ ಕಾಣುವುದು ಅದೇ. ಬೋಯರ್ ಯುದ್ಧದ ಅನುಭವದ ಮೇಲೆ ಬ್ರಿಟಿಷರು ಕಾಲಾಳಿನ ಚರ್ಮದ ಪಟ್ಟಿ ಬಿಟ್ಟು 1908ರಲ್ಲಿ ಗಟ್ಟಿ ನೇಯ್ಗೆಯ ಹತ್ತಿಪಟ್ಟಿಗೆ ಬಂದರು. ಅದರಲ್ಲಿ ಹದಿನೈದು ಗುಂಡಿನ ಹತ್ತು ಚೀಲ, ನೀರು, ಬುತ್ತಿ ಎಲ್ಲವೂ ಒಂದೇ ಅಂಗಿಯಂತೆ ಬಿಚ್ಚಿಡಲು ಬರುತ್ತಿತ್ತು. ಅಮೆರಿಕದವರು 1956ರ ಸರಂಜಾಮಿನಲ್ಲಿ ಸೊಂಟದ ಹಿಂದಕ್ಕೇ ಒಂದು ಪುಟ್ಟ ಚೀಲ ಕೂರಿಸಿದರು. ಇವತ್ತಿನ ಲಂಬಾರ್ ಪ್ಯಾಕಿನ ಹತ್ತಿರದ ಅಜ್ಜ ಅದು. 1990ರ ದಶಕದ ಕೊನೆಗೆ ಅವರದೇ ‘ಮೊಲ್ಲೆ’ ಬಂತು. ಅಂಗಡಿಯವರು ಹಾಗೇ ಉಚ್ಚರಿಸುತ್ತಾರೆ, ಮುಡಿಯುವ ಮೊಲ್ಲೆಗೂ ಇದಕ್ಕೂ ಸಂಬಂಧವಿಲ್ಲ. ಒಂದಿಂಚಿನ ಪಟ್ಟಿಗಳು, ನಡುವೆ ಒಂದಿಂಚು ಬಿಡುವು, ಒಂದೂವರೆ ಇಂಚಿಗೊಂದು ಹೊಲಿಗೆ. ಈ ಅಳತೆ ಪಾಲಿಸಿದ ಯಾವ ಚೀಲವೂ ಯಾವ ಪಟ್ಟಿಗೂ ಕೂರುತ್ತದೆ. ಕೊಳ್ಳುವ ಮುಂಚೆ ಅಳತೆಪಟ್ಟಿ ಇಟ್ಟು ನೋಡುವುದು ಒಳ್ಳೆಯದು, ಮೊಲ್ಲೆಯಂತೆ ಕಾಣುವ ಅಲಂಕಾರದ ಹೊಲಿಗೆಗಳೂ ಮಾರುಕಟ್ಟೆಯಲ್ಲಿವೆ.

ಸಿಪಾಯಿಯ ಟೊಂಕದಲ್ಲಿ ಇಷ್ಟು ಇದ್ದರೆ, ಉಳಿದ ಹೊರೆ ಯಾರ ಮೇಲಿತ್ತು? 1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಮಾರ್ಚ್ ತಿಂಗಳಲ್ಲಿ ಹರಿಹರದಿಂದ ಹೊರಟು ಏಪ್ರಿಲ್ 20ರಂದು ಪುಣೆ ಮುಟ್ಟಿದ. ನಾವು ಈಗ ವೋಲ್ವೋದಲ್ಲಿ ರಾತ್ರಿ ಮಲಗಿ ಬರುವ ದಾರಿ. ಆ ಸೈನ್ಯದ ವೇಗದ ಹಿಂದೆ ಮೈಸೂರು ಸೀಮೆಯ ಎತ್ತುಗಳಿದ್ದವು, ಗೋಣಿಯಲ್ಲಿ ಧಾನ್ಯ ಹೇರಿಕೊಂಡು ನಡೆಯುವ ಲಂಬಾಣಿಗಳಿದ್ದರು. ಇಂಗ್ಲಿಷಿನವರ ‘ಗನ್ನಿ’ ನಮ್ಮ ಗೋಣಿಯ ನಂಟೇ. ಇತಿಹಾಸದ ಪುಸ್ತಕಗಳು ಕತ್ತಿ ಕಟ್ಟಿದವರ ಟೊಂಕವನ್ನು ನೋಡಿದಷ್ಟು ಗೋಣಿ ಹೊತ್ತ ಬೆನ್ನನ್ನು ನೋಡಿಲ್ಲ.

ಆ ಗೋಣಿ ಪುಣೆ ಬಿಟ್ಟು ಹೋಗಿಲ್ಲ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಬೆಳಿಗ್ಗೆ ಹೋಗಿ ನಿಂತರೆ ಹಮಾಲರ ಬೆನ್ನ ಮೇಲೆ ಸಾಲುಸಾಲು ಮೂಟೆ. ಹುಬ್ಬಳ್ಳಿಯಲ್ಲೂ ಅವರು ಹಮಾಲರೇ. ಈ ಊರಿನ ಹಮಾಲರನ್ನು ಬಾಬಾ ಆಢಾವ್ ಹಮಾಲ ಪಂಚಾಯತಿನಲ್ಲಿ ಸಂಘಟಿಸಿದರು. 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಕಾಯಿದೆ ತಂದಿತು. ‘ಮಾಥಾ’ ಎಂದರೆ ತಲೆ. ಹೊರುವ ಜಾಗವೇ ಕಾಯಿದೆಯ ಹೆಸರು. ಕ್ವಿಂಟಲ್ ತೂಗುವ ಮೂಟೆ ಐವತ್ತು ಕೆಜಿಗೆ ಇಳಿಯಬೇಕಾದರೆ ಹೊರುವವರೇ ವರ್ಷಗಟ್ಟಲೆ ಕೇಳಬೇಕಾಯಿತು. ನಾವು ಐದು ಲೀಟರೋ ಎಂಟೋ ಎಂದು ಯೋಚಿಸುವ ಹೊತ್ತಿಗೆ, ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಕಟ್ಟಡದಲ್ಲಿ ಕಲಬುರಗಿ, ಯಾದಗಿರಿ ಕಡೆಯ ಹೆಣ್ಣುಮಕ್ಕಳು ಸಿಂಬಿಯ ಮೇಲೆ ಸಿಮೆಂಟಿನ ಬುಟ್ಟಿ ಏರಿಸಿಕೊಳ್ಳುತ್ತಿರುತ್ತಾರೆ. ಅವರ ಮಾತು ನಮ್ಮ ಬಾಲ್ಕನಿಗೆ ಕನ್ನಡದಲ್ಲೇ ಕೇಳಿಸುತ್ತದೆ. ಆ ಹೊರೆಯ ಅಳತೆಯನ್ನು ಮೇಸ್ತ್ರಿ ಗೊತ್ತುಮಾಡುತ್ತಾನೆ.

ಹೀಗಾಗಿ ನನ್ನ ಆಯ್ಕೆ ಸಣ್ಣದಾಯಿತು. ನಾಲ್ಕು ಬೆರಳು ಅಗಲದ ಪಟ್ಟಿ, ಹಿಂದೆ ಒಂದು ಚೀಲ, ಎರಡು ಪಕ್ಕಕ್ಕೆ ಬಾಟಲಿ, ಬೇಕಾದಾಗ ಸಿಕ್ಕಿಸಲು ಔಷಧಿಯದೊಂದು. ಟೆಂಟು, ಕುರ್ಚಿ, ಅಡುಗೆ ಪಾತ್ರೆ ಎಲ್ಲ ಹಳ್ಳಿಯ ಹುಡುಗರ ತಲೆಯ ಮೇಲೆ ಮೇಲೇರುವ ಚಾರಣಗಳು ಈಗ ಹೆಚ್ಚಾಗಿವೆ. ಆ ಹುಡುಗರಿಗೆ ಕೂಲಿ ಸಿಗುತ್ತದೆ, ಬೇಡವೆನ್ನಲು ನಾನ್ಯಾರು? ಆದರೆ ಅವರು ಎಷ್ಟು ಕೆಜಿ ಹೊರುತ್ತಾರೆ ಎಂದು ಹಣ ಕಟ್ಟುವ ಮೊದಲು ಕೇಳಿ. ಚೀಲದ ತೂಕವನ್ನು ಗ್ರಾಮಿನಲ್ಲಿ ವಿಚಾರಿಸುವ ನಮಗೆ ಅದು ಕಷ್ಟದ ಪ್ರಶ್ನೆಯಲ್ಲ.

ಸಿಂಹಗಡದ ಮೇಲೆ ಪುಟ್ಟ ಮಣ್ಣಿನ ಕುಡಿಕೆಗಳಲ್ಲಿ ಮೊಸರು ಮಾರುವ ಹೆಂಗಸರನ್ನು ನೀವು ನೋಡಿರುತ್ತೀರಿ. ಮಾರುವ ಸರಕಿನ ಬುಟ್ಟಿ ತಲೆಯ ಮೇಲೆ. ಚಿಲ್ಲರೆ ಕೇಳಿದಾಗ ಕೈ ಹೋಗುವುದು ಟೊಂಕಕ್ಕೆ, ಸೀರೆಯ ಮಡಿಕೆಯೊಳಗಿನ ದಾರದ ಚೀಲಕ್ಕೆ. ಒಂದು ಅರೆಯಲ್ಲಿ ನೋಟು, ಒಂದರಲ್ಲಿ ನಾಣ್ಯ, ಮತ್ತೊಂದರಲ್ಲಿ ಎಲೆಯಡಿಕೆ.