ಮದರಾಸಿನ ಬೇಟೆನಾಯಿಗಳು, ಒಂದು ತೊಟ್ಟು ರಕ್ತ ಮತ್ತು ನಮ್ಮ ಮನೆಯ ಬಾಚಣಿಗೆ

ಇವತ್ತು ಇತಿಹಾಸದ ಮಾತೇ. ಆದ್ರೆ ರಾಜರದ್ದೂ ಅಲ್ಲ, ಕೋಟೆಯದ್ದೂ ಅಲ್ಲ. ನಾಯಿಯ ಮೈಮೇಲೆ ಕೂರುವ ಉಣ್ಣೆಯದ್ದು.

ಚೆನ್ನೈಯಲ್ಲಿ ನಾಯಿ ಸಾಕಿರುವ ಕನ್ನಡದವರು ನನ್ನ ಹತ್ರ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಈ ಸೆಕೆಯಲ್ಲಿ ಮನೆಯಲ್ಲೇ ಸ್ನಾನ ಮಾಡಿಸಿ, ಕೂದಲು ಬಾಚಿದರೆ ಸಾಕಾ, ಇಲ್ಲಾ ಗ್ರೂಮಿಂಗ್ ಅಂಗಡಿಗೆ ಕರ್ಕೊಂಡು ಹೋಗಬೇಕಾ? ಇದಕ್ಕೆ ಉತ್ತರ ಹೇಳಬೇಕಾದ್ರೆ ನೂರು ವರ್ಷಕ್ಕಿಂತ ಹಿಂದೆ ಹೋಗಬೇಕು. ನಾಯಿಯ ಮೈಯನ್ನು ದಿನಾ ಯಾಕೆ ತಡವಿ ನೋಡಬೇಕು ಅನ್ನೋ ಪಾಠದ ಎರಡು ಮುಖ್ಯ ಪುಟಗಳು ಇದೇ ಊರಲ್ಲಿ ಬರೆದವು.

ಮೊದಲು ಪದ. ಕನ್ನಡದಲ್ಲಿ ಉಣ್ಣೆ ಅಂದ್ರೆ ಕುರಿಯ ತುಪ್ಪಟವೂ ಹೌದು, ರಕ್ತ ಹೀರುವ ಈ ಹುಳುವೂ ಹೌದು. ಮಲೆನಾಡಿನ ಕಡೆ ಉಣುಗು ಅಂತಾರೆ, ತಮಿಳಿನಲ್ಲಿ ಉಣ್ಣಿ. ಹೇನು ಬೇರೆ, ಚಿಗಟ ಬೇರೆ. ಉಣ್ಣೆಗೆ ಎಂಟು ಕಾಲು. ಅದು ಜೇಡ, ಚೇಳುಗಳ ಬಳಗದ್ದು. ಉಣ್ಣೆ ಕಚ್ಚಿದರೆ ಜೀವಕ್ಕೇ ಕುತ್ತು ಅನ್ನೋದನ್ನ ಕರ್ನಾಟಕ ದೊಡ್ಡದಾಗಿ ಕಲಿತದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ. ಅದು ಕಾಡಿನ ಉಣ್ಣೆ. ನಾವು ಇವತ್ತು ಮಾತಾಡ್ತಿರೋದು ಮನೆಯೊಳಗಿನ ಕಂದು ಉಣ್ಣೆ.

ಈಗ ಹತ್ತೊಂಬತ್ತನೇ ಶತಮಾನದ ಕೊನೆಗೆ ಬನ್ನಿ. ಹುಳುಗಳು ಕಾಯಿಲೆ ಹೊತ್ತು ತಿರುಗುತ್ತವೆ ಅಂತ ಆಗ ಯಾರೂ ಸುಲಭವಾಗಿ ನಂಬುತ್ತಿರಲಿಲ್ಲ. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ದನಗಳ ಟೆಕ್ಸಾಸ್ ಜ್ವರವನ್ನು ಹರಡೋದು ಉಣ್ಣೆ ಅಂತ ತೋರಿಸಿದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಕಂಡದ್ದು 1897ರಲ್ಲಿ. ಅಂದ್ರೆ ಸೊಳ್ಳೆಗಿಂತ ನಾಲ್ಕು ವರ್ಷ ಮೊದಲೇ ಉಣ್ಣೆ ಸಿಕ್ಕಿಬಿದ್ದಿತ್ತು!

ಮದರಾಸು ಆಗ ಈ ವಿದ್ಯೆಯ ದೊಡ್ಡ ಕೇಂದ್ರ. 1903ರಲ್ಲಿ ಇಲ್ಲಿನ ಡಾಕ್ಟರ್ ಚಾರ್ಲ್ಸ್ ಡೊನೊವನ್ ಕಾಲಾ ಅಜಾರ್ ರೋಗದ ಪರೋಪಜೀವಿಯನ್ನು ಗುರುತಿಸಿದರು. ಅದೇ ವರ್ಷ ಮದ್ರಾಸ್ ಪಶುವೈದ್ಯ ಕಾಲೇಜು ಶುರುವಾಯಿತು. ಅದು ಇವತ್ತು ವೇಪೇರಿಯಲ್ಲಿದೆ. ಇನ್ನು ಗಿಂಡಿಯಲ್ಲಿ (ನಮ್ಮ ನೀರಿನ ಗಿಂಡಿಯಲ್ಲ, ಊರಿನ ಹೆಸರು!) ಕಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅಲ್ಲಿ ಕೆಲಸ ಮಾಡಿದವರು ವಾಲ್ಟರ್ ಸ್ಕಾಟ್ ಪ್ಯಾಟನ್. ಕಾಲಾ ಅಜಾರ್ ಹರಡೋದು ತಿಗಣೆ ಅನ್ನೋ ಗುಮಾನಿಯ ಮೇಲೆ ವರ್ಷಗಟ್ಟಲೆ ತಿಗಣೆ ಕೊಯ್ದು ನೋಡಿದ ಮನುಷ್ಯ. ಆ ಗುಮಾನಿ ಕೊನೆಗೆ ನಿಲ್ಲಲಿಲ್ಲ, ಅದನ್ನ ಹರಡೋದು ಮರಳುನೊಣ. ಆದ್ರೆ ಪ್ಯಾಟನ್‌ಗೆ ಇನ್ನೊಂದು ಸಿಕ್ಕಿತು.

ಆ ಕಾಲದಲ್ಲಿ ಇಲ್ಲಿನ ಇಂಗ್ಲಿಷರಿಗೆ 'ಮದ್ರಾಸ್ ಹಂಟ್' ಅಂತ ಬೇಟೆಯ ಕೂಟ ಇತ್ತು. ಕುದುರೆ ಏರಿ, ನಾಯಿಗಳ ಹಿಂಡು ಬಿಟ್ಟು ನರಿ ಅಟ್ಟೋದು. 1910ರಲ್ಲಿ ಪ್ಯಾಟನ್ ಒಂದು ಪ್ರಬಂಧ ಪ್ರಕಟಿಸಿದರು. ಮದ್ರಾಸ್ ಹಂಟ್‌ನ ನಾಯಿಗಳ ರಕ್ತದಲ್ಲಿ, ಕೆಂಪು ಕಣಗಳ ಒಳಗೆ, ಅದುವರೆಗೆ ಯಾರೂ ವಿವರಿಸದ ಒಂದು ಸಣ್ಣ ಜೀವಿ ಕಂಡಿತ್ತು. ಆಮೇಲೆ ಅದೇ ಜೀವಿ ನರಿಯ ರಕ್ತದಲ್ಲೂ ಸಿಕ್ಕಿತು. ಅಟ್ಟುವ ನಾಯಿ, ಓಡುವ ನರಿ, ಎರಡರ ರಕ್ತದಲ್ಲೂ ಒಂದೇ ಜೀವಿ! ಇವತ್ತು ಅದಕ್ಕೆ ಬಬೀಸಿಯಾ ಗಿಬ್ಸೋನಿ ಅಂತ ಹೆಸರು. ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತೆ, ರಕ್ತಹೀನತೆ ತರುತ್ತೆ. ಮದರಾಸಿನಲ್ಲಿ ಹೆಸರು ಪಡೆದ ಈ ಜೀವಿ ಈಗ ಅಮೆರಿಕ, ಯುರೋಪು, ಆಸ್ಟ್ರೇಲಿಯಾದಲ್ಲೂ ವರದಿಯಾಗಿದೆ.

ಎರಡನೇ ಪುಟ 1944ರದ್ದು. ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ನಾಯಿಯ ಬಿಳಿ ರಕ್ತಕಣಗಳಲ್ಲಿ ಮೊದಲು ಕಂಡದ್ದು 1935ರಲ್ಲಿ, ಅಲ್ಜೀರಿಯಾದಲ್ಲಿ. ಭಾರತದಲ್ಲಿ ಅದರ ಮೊದಲ ವರದಿ ಬಂದದ್ದು 1944ರಲ್ಲಿ, ಮದರಾಸಿನಿಂದ; ಬರೆದವರು ಮುದಲಿಯಾರ್. ಆಗ ಲೋಕ ಅಷ್ಟಾಗಿ ಗಮನ ಕೊಡಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕನ್ ಸೇನೆಯ ನಾಯಿಗಳು ಮೂಗಿನಿಂದ ರಕ್ತ ಸುರಿಸಿ ನೂರಾರು ಸಂಖ್ಯೆಯಲ್ಲಿ ಸತ್ತಾಗ ಎಲ್ಲರೂ ತಿರುಗಿ ನೋಡಿದರು. ಅದೂ ಇದೇ ರೋಗ, ಹರಡಿದ್ದು ಇದೇ ಕಂದು ಉಣ್ಣೆ.

ಈ ಉಣ್ಣೆಯ ಬದುಕು ಒಂಚೂರು ತಿಳ್ಕೊಳ್ಳಿ, ಯಾಕಂದ್ರೆ ನಮ್ಮ ಪ್ರಶ್ನೆಯ ಉತ್ತರ ಇಲ್ಲಿದೆ. ಇದು ಮರಿಯಾಗಿ, ನಡುಪ್ರಾಯದಲ್ಲಿ, ಬೆಳೆದ ಮೇಲೆ ಹೀಗೆ ಮೂರು ಸಲ ನಾಯಿಯ ಮೈ ಹತ್ತುತ್ತೆ. ಪ್ರತಿ ಸಲ ರಕ್ತ ಕುಡಿದು ಕೆಳಗೆ ಬಿದ್ದು, ಗೋಡೆಯ ಬಿರುಕು, ಬಾಗಿಲ ಸಂದು, ಮಂಚದಡಿ ಸೇರಿಕೊಳ್ಳುತ್ತೆ. ಹೆಣ್ಣು ಒಮ್ಮೆಗೆ ಸಾವಿರಾರು ಮೊಟ್ಟೆ ಇಡುತ್ತೆ. ಬೆಳೆದ ಉಣ್ಣೆ ತಿಂಗಳುಗಟ್ಟಲೆ ಉಪವಾಸ ಇದ್ದು ಬದುಕುತ್ತೆ. ಚಳಿ ದೇಶಗಳಲ್ಲಿ ಚಳಿಗಾಲ ಅದನ್ನ ತಡೆಯುತ್ತೆ. ಚೆನ್ನೈಗೆ ಅಂಥ ಚಳಿಗಾಲವೇ ಇಲ್ವಲ್ಲ! ಕಾಡು ಬೇಕಿಲ್ಲ, ಹುಲ್ಲೂ ಬೇಕಿಲ್ಲ, ವೇಲಚೇರಿಯ ನಾಲ್ಕನೇ ಮಹಡಿಯ ಫ್ಲ್ಯಾಟ್ ಸಾಕು.

ಹಾಗಾದ್ರೆ ಜನ ಏನು ಮಾಡ್ತಿದ್ರು? ಕೈಯಿಂದ ಹೆಕ್ಕುತ್ತಿದ್ದರು. ಇಂಗ್ಲಿಷರ ಬಂಗಲೆಗಳಲ್ಲಿ ನಾಯಿ ನೋಡಿಕೊಳ್ಳೋಕೆ ಅಂತಲೇ ಒಬ್ಬ ಆಳು ಇರುತ್ತಿದ್ದ. ಅವನಿಗೆ ಉತ್ತರ ಭಾರತದಲ್ಲಿ 'ಡೋರಿಯಾ' ಅಂತ ಹೆಸರು, ಇಂಗ್ಲಿಷರ ಬಾಯಲ್ಲಿ 'ಡಾಗ್ ಬಾಯ್'. ಮೈ ತೊಳೆಯೋದು, ತಿಕ್ಕೋದು, ಉಣ್ಣೆ ಹೆಕ್ಕೋದು ಇಂಥವರ ಕೆಲಸ. ರಕ್ತದೊಳಗಿನ ಜೀವಿಗೆ ಹೆಸರು ಉಳಿಯಿತು, ಪ್ಯಾಟನ್ ಹೆಸರೂ ಉಳಿಯಿತು. ದಿನಾ ಆ ನಾಯಿಗಳ ಮೈ ತಡವಿದ ಕೈಗಳ ಹೆಸರು ಉಳಿಯಲಿಲ್ಲ. ನಮ್ಮ ಊರುಮನೆಗಳಲ್ಲೂ ಅಜ್ಜ ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆ ಇಟ್ಟುಕೊಂಡು, ಒಂದೊಂದೇ ಉಣ್ಣೆ ಕಿತ್ತು ಅದರೊಳಗೆ ಹಾಕುತ್ತಿದ್ದರು. ಪ್ಯಾಟನ್ ಯಾರು ಅಂತ ಅಜ್ಜನಿಗೆ ಗೊತ್ತಿರಲಿಲ್ಲ. ಮಾಡುತ್ತಿದ್ದದ್ದು ಸರಿಯಾದ ಕೆಲಸವೇ.

ಆಮೇಲೆ ಬಂದದ್ದು ಔಷಧಿಗಳ ಕಾಲ. ಗ್ಯಾಮೆಕ್ಸೇನ್ ಅನ್ನುತ್ತಿದ್ದ ಬಿಎಚ್‌ಸಿ ಪುಡಿ ಹೊಲದಲ್ಲೂ ಮನೆಯಲ್ಲೂ ಧಾರಾಳವಾಗಿ ಬಳಕೆಯಾಯಿತು. 1997ರಲ್ಲಿ ಭಾರತ ಅದನ್ನ ನಿಷೇಧಿಸಿತು. ನೀರಿಗೆ ಬೆರೆಸಿ ಮೈಗೆ ಹಚ್ಚುವ ಅಮಿಟ್ರಾಜ್ ಬಂತು, 1990ರ ದಶಕದಲ್ಲಿ ಬೆನ್ನ ಮೇಲೆ ತೊಟ್ಟಿಕ್ಕುವ ಫಿಪ್ರೊನಿಲ್ ಬಂತು, 2014ರ ಹೊತ್ತಿಗೆ ನುಂಗಿಸುವ ಮಾತ್ರೆಗಳೂ ಬಂದವು. ಒಳ್ಳೇದೇ. ಆದ್ರೆ ಒಂದು ಮಾತು ನೆನಪಿರಲಿ: ಮಾತ್ರೆ ಕೆಲಸ ಮಾಡಬೇಕಾದ್ರೆ ಉಣ್ಣೆ ಮೊದಲು ಕಚ್ಚಬೇಕು. ಮಾತ್ರೆ ಕೊಟ್ಟಾಯ್ತು ಅಂತ ಮೈ ನೋಡೋದು ಬಿಡೋ ಹಾಗಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಂದು ಪೊಮೇರಿಯನ್ ಇತ್ತು. ವಾರಕ್ಕೊಮ್ಮೆ ಶಾಂಪೂ, ಪೌಡರು, ಕೊರಳಿಗೆ ರಿಬ್ಬನ್ನು, ನೋಡೋಕೆ ಬೆಣ್ಣೆಮುದ್ದೆ. ಎರಡು ದಿನ ಊಟ ಬಿಟ್ಟಿತು, ಸೆಕೆಗೆ ಅಂದುಕೊಂಡರು. ಮೂರನೇ ದಿನ ವಸಡು ಬಿಳಿಚಿಕೊಂಡಿತ್ತು. ಕಿವಿಯ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ ನೋಡಿದಾಗ ಕಂಡದ್ದು ಬಬೀಸಿಯಾ. ಪ್ಯಾಟನ್ ಕಂಡದ್ದೂ ಹೀಗೇ, ಸೂಕ್ಷ್ಮದರ್ಶಕದ ಕೆಳಗೆ, ರಕ್ತದ ತೊಟ್ಟಿನಲ್ಲಿ. ಆ ನಾಯಿ ಉಳಿಯಲಿಲ್ಲ. ಉಣ್ಣೆ ಇದ್ದದ್ದು ರಿಬ್ಬನ್ನಿನ ಕೆಳಗೆ.

ಅದಕ್ಕೇ ನಾನು ಹೇಳೋದು: ಮನೆಯಲ್ಲೇ ಮಾಡಿ, ಆದ್ರೆ ಚೆಂದಕ್ಕಲ್ಲ, ಮೈ ಓದೋಕೆ. ಬರೀ ಸ್ನಾನದಿಂದ ಉಣ್ಣೆ ಸಾಯಲ್ಲ, ನೀರಿನಲ್ಲಿ ಅದು ಸುಲಭಕ್ಕೆ ಮುಳುಗಲ್ಲ. ಕೆಲಸ ಮಾಡೋದು ಬಾಚಣಿಗೆ ಮತ್ತು ಬೆರಳು. ದಿನಕ್ಕೆ ಹತ್ತು ನಿಮಿಷ ಸಾಕು. ಕಿವಿಯ ಒಳಗೆ, ಕಾಲ್ಬೆರಳ ಸಂದು, ಬೆಲ್ಟಿನ ಕೆಳಗೆ, ಕಂಕುಳು, ಬಾಲದ ಬುಡ. ಉಣ್ಣೆ ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ನೇರವಾಗಿ, ನಿಧಾನಕ್ಕೆ ಎಳೆಯಿರಿ. ಬೆಂಕಿಕಡ್ಡಿ ಬೇಡ, ಎಣ್ಣೆ ಬೇಡ, ಉಗುರಲ್ಲಿ ಒರೆಯೋದೂ ಬೇಡ, ಸ್ಪಿರಿಟ್ಟಿಗೆ ಹಾಕಿ. ಸೀಮೆಎಣ್ಣೆ ನಾಯಿಯ ಮೈಗೆ ತಾಗಬಾರದು. ಮನೆಯ ಬಿರುಕುಗಳಿಗೆ ಸಿಮೆಂಟು ತುಂಬಿ, ನಾಯಿಯ ಹಾಸಿಗೆ ಬಿಸಿನೀರಲ್ಲಿ ಒಗೆಯಿರಿ. ಔಷಧಿ ಯಾವುದು, ಎಷ್ಟು ಅನ್ನೋದನ್ನ ಪಶುವೈದ್ಯರೇ ಹೇಳಲಿ. ಫಿಟ್ಸ್ ಬರುವ ನಾಯಿಯಾದ್ರೆ ಮಾತ್ರೆಗೆ ಮೊದಲು ಖಂಡಿತ ಕೇಳಿ. ನಾಯಿಯ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ವಿಷ, ಅದೂ ನೆನಪಿರಲಿ. ಜ್ವರ, ಊಟ ಬಿಡೋದು, ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ, ಇದರಲ್ಲಿ ಯಾವುದು ಕಂಡರೂ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ನಾಳೆ ಅನ್ನಬೇಡಿ.

ನಮ್ಮದು ದೇಸಿ ನಾಯಿ, ರಾಜಪಾಳಯಂ, ಇದಕ್ಕೇನೂ ಆಗಲ್ಲ ಅನ್ನೋರಿಗೆ ಒಂದು ಮಾತು. ಗಿಡ್ಡ ಕೂದಲಲ್ಲಿ ಉಣ್ಣೆ ಬೇಗ ಕಣ್ಣಿಗೆ ಬೀಳುತ್ತೆ ಅಷ್ಟೇ, ಕಚ್ಚದೆ ಬಿಡಲ್ಲ. ಪ್ಯಾಟನ್‌ಗೆ ಇದೇ ಜೀವಿ ಸಿಕ್ಕಿದ್ದು ಇಲ್ಲೇ ಹುಟ್ಟಿ ಬೆಳೆದ ನರಿಯಲ್ಲೂ.

ಅಂಗಡಿಗೆ ಹೋಗೋದು ಬಿಡೋದು ನಿಮ್ಮಿಷ್ಟ. ಅಲ್ಲಿ ತಿಂಗಳಿಗೊಮ್ಮೆ ನೋಡ್ತಾರೆ, ಉಣ್ಣೆ ತಿಂಗಳವರೆಗೆ ಕಾಯಲ್ಲ. ನಿಮ್ಮ ಮನೆಯ ಹಿರಿಯರು ನಾಯಿ, ದನಗಳ ಉಣ್ಣೆಗೆ ಏನು ಮಾಡ್ತಿದ್ರು ಅನ್ನೋದು ನೆನಪಿದ್ದರೆ ಬರೆದು ತಿಳಿಸಿ, ಅದೂ ಇತಿಹಾಸವೇ.