ಮೊದಲು ಸಾಯುವುದು ಮಂಗ

1957ರ ಬೇಸಿಗೆಯ ಆರಂಭ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸಾಲಾಗಿ ಸಾಯತೊಡಗಿದವು. ಅದೇ ದಿನಗಳಲ್ಲಿ ಸೌದೆಗೆ, ದರಕಿಗೆ (ಒಣ ತರಗೆಲೆಗೆ) ಕಾಡು ಹೊಕ್ಕವರು ಸುಡುಜ್ವರ, ತಲೆಸಿಡಿತ, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರಿತು. ಊರವರು ಇದನ್ನು ಮಂಗನ ಕಾಯಿಲೆ ಎಂದರು. ಆ ಹೆಸರು ಮಂಗನ ಮೇಲೆ ಹೊರಿಸಿದ ತಪ್ಪನ್ನು ವಿಜ್ಞಾನ ಒಂದೊಂದೇ ಹೆಜ್ಜೆಯಲ್ಲಿ ಇಳಿಸುತ್ತ ಬಂದಿದೆ.

ಮಂಗಗಳು ಸತ್ತ ಸುದ್ದಿ ಕೇಳಿದಾಗ ಮೊದಲು ಹುಟ್ಟಿದ್ದು ಹಳದಿ ಜ್ವರದ ಭಯ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಬಂದು ಹುಡುಕಿದರು. ಸಿಕ್ಕಿದ್ದು ಬೇರೆಯೇ ವೈರಸ್. ಅದರ ಹತ್ತಿರದ ಬಳಗ ಇದ್ದದ್ದು ದೂರದ ರಷ್ಯಾದಲ್ಲಿ, ಹರಡುತ್ತಿದ್ದದ್ದು ಉಣುಗಿನಿಂದ. ಕ್ಯಾಸನೂರಿನ ಉಣುಗುಗಳಲ್ಲೂ ಆ ವೈರಸ್ ಸಿಕ್ಕಿತು. ಮುಖ್ಯ ವಾಹಕ ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು.

ಇದರ ಎಳೆಯ ಹಂತ ಸಾಸಿವೆಕಾಳಿಗಿಂತಲೂ ಸಣ್ಣದು. ತರಗೆಲೆಯ ಮೇಲಿಂದ ಕಾಲಿಗೆ ಹತ್ತಿ, ಮಂಡಿಯ ಹಿಂದೆಯೋ ಸೊಂಟದ ಮಡಿಕೆಯಲ್ಲೋ ಕಚ್ಚಿ ಕೂತರೆ ಗೊತ್ತೇ ಆಗುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ದರಕು ಗುಡಿಸುವ ಕಾಲವೂ ಅದೇ. ಮಂಗ ಸತ್ತು ಬಿದ್ದಲ್ಲಿ ಅದರ ಮೈ ಬಿಟ್ಟ ಉಣುಗುಗಳು ನೆಲದಲ್ಲಿ ಹರಡುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಈ ಕಾಯಿಲೆ ಅಂಟುವುದಿಲ್ಲ.

1969ರಲ್ಲಿ ವಿಜ್ಞಾನಿ ಹೋರ್ಹೆ ಬೊಶೆಲ್ ದೃಷ್ಟಿಯನ್ನು ಇನ್ನಷ್ಟು ಹಿಗ್ಗಿಸಿದರು. ಊರು ಕಾಡಿನೊಳಗೆ ಬೆಳೆದಂತೆ ದನಗಳೂ ಒಳಗೆ ಮೇಯುತ್ತವೆ. ದೊಡ್ಡ ಉಣುಗು ದನದ ರಕ್ತ ಕುಡಿದು ಸಾವಿರಾರು ಮೊಟ್ಟೆಯಿಡುತ್ತದೆ. 1982-83ರಲ್ಲಿ ಬೆಳ್ತಂಗಡಿ ಕಡೆ ದೊಡ್ಡ ಪಿಡುಗು ಎದ್ದಾಗ, ಗೇರು ತೋಟಕ್ಕೆಂದು ಕಾಡು ಕಡಿದದ್ದನ್ನು ಅದರೊಂದಿಗೆ ಸೇರಿಸಿ ನೋಡಲಾಯಿತು. ಕಾಯಿಲೆಯ ಬೇರು ಕಾಡಂಚಿನ ನಮ್ಮ ನಡೆಯಲ್ಲೇ ಇತ್ತು.

ಲಸಿಕೆಯ ದಾರಿ ಕಷ್ಟದ್ದು. ರಷ್ಯಾದ ನಂಟಿನ ವೈರಸ್‌ನಿಂದ ಮಾಡಿದ ಮೊದಲ ಲಸಿಕೆ ಫಲಿಸಲಿಲ್ಲ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ 1990ರ ದಶಕದಿಂದ ಮಲೆನಾಡಿಗೆ ಬಂತು. 2005ರಿಂದ 2010ರ ಲೆಕ್ಕದಲ್ಲಿ ಎರಡು ಡೋಸ್ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ ಕೊಟ್ಟಿತು. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು; ಕೂಲಿ ಬಿಟ್ಟು ಬರುವುದು ಎಲ್ಲರಿಗೂ ಆಗಲಿಲ್ಲ. 2022ರಲ್ಲಿ ಆ ಲಸಿಕೆ ನಿಂತಿತು. ಹೊಸದರ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ಸಾಗಿದೆ.

ಈ ನಡುವೆ ಕಾಯಿಲೆ 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ ತಲುಪಿತು. 2018-19ರಲ್ಲಿ ಸಾಗರದ ಅರಳಗೋಡು ಹಲವರನ್ನು ಕಳೆದುಕೊಂಡಿತು. ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐವರು ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ.

ಆದ್ದರಿಂದ ಈಗ ನಮ್ಮ ಕೈಯಲ್ಲಿರುವುದು ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗು ದೂರವಿಡುವ ಡೇಪಾ ಎಣ್ಣೆ, ಬಂದ ಮೇಲೆ ಬಿಸಿನೀರು, ಸೋಪಿನ ಸ್ನಾನ, ಮೈಯೆಲ್ಲ ತಡಕಿ ನೋಡುವ ಕಣ್ಣು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಬೇಕು. ಪ್ರಾಣ ಕೊಟ್ಟು ಅದು ಹೇಳಿದ ಸುದ್ದಿ ದರಕು ಗುಡಿಸಲು ಹೊರಟ ಹೆಂಗಸಿಗೆ ಸಂಜೆಯೊಳಗೆ ತಲುಪಬೇಕು.