ಮಹೇಂದ್ರನಾಥ ಮುಲ್ಲಾ

ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ (15 ಮೇ 1926 – 9 ಡಿಸೆಂಬರ್ 1971) ಭಾರತೀಯ ನೌಕಾಪಡೆಯ ಅಧಿಕಾರಿ. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಅರಬ್ಬಿ ಸಮುದ್ರದಲ್ಲಿ ಮುಳುಗಿದ ಐಎನ್‌ಎಸ್ ಖುಕ್ರಿ ನೌಕೆಯ ಕಮಾಂಡರ್ ಆಗಿದ್ದ ಇವರು, ನೌಕೆಯೊಂದಿಗೆ ಜಲಸಮಾಧಿಯಾದರು. ಇವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಪ್ರಶಸ್ತಿಯನ್ನು ನೀಡಲಾಯಿತು.

ಹಿನ್ನೆಲೆ

ಮುಲ್ಲಾ ಅವರು ಉತ್ತರ ಪ್ರದೇಶದ ಗೋರಖಪುರದಲ್ಲಿ ಜನಿಸಿದರು. 1948ರಲ್ಲಿ ನೌಕಾಪಡೆಯ ಅಧಿಕಾರಿಯಾಗಿ ನೇಮಕಗೊಂಡರು. 1971ರ ಯುದ್ಧದ ವೇಳೆಗೆ ಅವರು ಖುಕ್ರಿಯ ಜೊತೆಗೆ 14ನೆಯ ಫ್ರಿಗೇಟ್ ದಳದ ಹೊಣೆಯನ್ನೂ ಹೊತ್ತಿದ್ದರು. ಖುಕ್ರಿಯು ಬ್ರಿಟನ್ನಿನಲ್ಲಿ ನಿರ್ಮಾಣಗೊಂಡ, ಜಲಾಂತರ್ಗಾಮಿಗಳನ್ನು ಎದುರಿಸಲೆಂದೇ ರೂಪಿಸಿದ ಫ್ರಿಗೇಟ್ ಆಗಿತ್ತು.

ಖುಕ್ರಿಯ ಮುಳುಗಡೆ

ಪಶ್ಚಿಮ ಕರಾವಳಿಯಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಸಂಚರಿಸುತ್ತಿರುವ ಸುಳಿವು ದೊರೆತಾಗ, ಅದನ್ನು ಹುಡುಕಿ ನಾಶಪಡಿಸಲು ಖುಕ್ರಿ ಮತ್ತು ಕೃಪಾಣ್ ನೌಕೆಗಳನ್ನು ಕಳುಹಿಸಲಾಯಿತು. ಶತ್ರುವಿನ ಜಲಾಂತರ್ಗಾಮಿ 'ಹ್ಯಾಂಗೋರ್' ಫ್ರಾನ್ಸಿನಲ್ಲಿ ತಯಾರಾದ ಆಧುನಿಕ ಡಾಫ್ನೆ ವರ್ಗದ್ದು. ಭಾರತೀಯ ನೌಕೆಗಳ ಸೋನಾರ್ ತಮ್ಮ ಬಳಿ ಬಂದದ್ದನ್ನಷ್ಟೇ ಗುರುತಿಸಬಲ್ಲದಾಗಿತ್ತು. ಹ್ಯಾಂಗೋರ್ ಅದಕ್ಕಿಂತ ಬಹು ದೂರದಿಂದಲೇ ಅವುಗಳ ಚಲನೆಯನ್ನು ತಿಳಿಯಬಲ್ಲದಾಗಿತ್ತು.

ಡಿಸೆಂಬರ್ 9ರ ರಾತ್ರಿ, ದಿಯು ಕರಾವಳಿಯಿಂದ ಸುಮಾರು 40 ನಾವಿಕ ಮೈಲಿ ದೂರದಲ್ಲಿ ಹ್ಯಾಂಗೋರ್ ಮೊದಲು ಕೃಪಾಣ್‌ನತ್ತ ಟಾರ್ಪೆಡೊ ಪ್ರಯೋಗಿಸಿತು, ಅದು ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ ತಗುಲಿತು. ಕೆಲವೇ ನಿಮಿಷಗಳಲ್ಲಿ ನೌಕೆ ಮುಳುಗಿತು. 18 ಅಧಿಕಾರಿಗಳು ಹಾಗೂ 176 ನಾವಿಕರು ಮೃತಪಟ್ಟರು. ಮರುದಿನ ಕೃಪಾಣ್ ಮತ್ತು ಕಚ್ಚಾಲ್ ನೌಕೆಗಳು 6 ಅಧಿಕಾರಿಗಳನ್ನೂ 61 ನಾವಿಕರನ್ನೂ ರಕ್ಷಿಸಿದವು. ಸ್ವಾತಂತ್ರ್ಯಾನಂತರ ಭಾರತ ಯುದ್ಧದಲ್ಲಿ ಕಳೆದುಕೊಂಡ ಏಕೈಕ ಸಮರನೌಕೆ ಖುಕ್ರಿ.

ಪ್ರಶಸ್ತಿ ವಿವರಣೆಯ ಪ್ರಕಾರ, ಮುಲ್ಲಾ ಅವರು ಸಿಬ್ಬಂದಿಯನ್ನು ನೌಕೆಯಿಂದ ಇಳಿಸುವ ಕಾರ್ಯದ ಮೇಲ್ವಿಚಾರಣೆ ವಹಿಸಿ, ತಮ್ಮ ಜೀವರಕ್ಷಕ ಸಾಧನವನ್ನು ನಾವಿಕನೊಬ್ಬನಿಗೆ ಕೊಟ್ಟರು. ಬಳಿಕ ಇನ್ನೂ ಯಾರನ್ನಾದರೂ ಉಳಿಸಲು ಸಾಧ್ಯವೇ ಎಂದು ನೋಡಲು ನೌಕೆಯ ಮೇಲ್ಭಾಗದ ನಿಯಂತ್ರಣ ಸ್ಥಾನಕ್ಕೆ ಹಿಂದಿರುಗಿದರು.

ಚರ್ಚೆ

ಶತ್ರು ಜಲಾಂತರ್ಗಾಮಿ ಇರುವ ಪ್ರದೇಶದಲ್ಲಿ ನೌಕೆಗಳು ನಿಧಾನವಾಗಿ ಚಲಿಸಿದ್ದೇಕೆ, ಸಾಮರ್ಥ್ಯದಲ್ಲಿ ಹಿಂದುಳಿದ ಹಡಗುಗಳನ್ನು ಈ ಕಾರ್ಯಕ್ಕೆ ಕಳುಹಿಸಿದ್ದು ಸರಿಯೇ ಎಂಬ ಪ್ರಶ್ನೆಗಳು ಯುದ್ಧಾನಂತರವೂ ಚರ್ಚೆಯಾಗಿವೆ. ಸೋನಾರ್‌ನ ವ್ಯಾಪ್ತಿಯನ್ನು ಹೆಚ್ಚಿಸುವ ಪ್ರಯೋಗಕ್ಕಾಗಿ ವೇಗವನ್ನು ತಗ್ಗಿಸಲಾಗಿತ್ತು ಎಂಬುದು ಒಂದು ವಿವರಣೆ. ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಅವರು ಬದುಕುಳಿದವರ ಅನುಭವಗಳನ್ನು ಆಧರಿಸಿ ಈ ಘಟನೆಯ ಕುರಿತು ಪುಸ್ತಕ ಬರೆದಿದ್ದಾರೆ.

ಸ್ಮರಣೆ

ಮೃತರಿಗೆ ಸಮುದ್ರವೇ ಸಮಾಧಿಯಾದುದರಿಂದ, ದಿಯುವಿನಲ್ಲಿ ಕಡಲಿಗೆ ಮುಖಮಾಡಿದ ದಿಬ್ಬದ ಮೇಲಿನ ಸ್ಮಾರಕಕ್ಕೆ ವಿಶೇಷ ಮಹತ್ವವಿದೆ. ಅಲ್ಲಿ ಗಾಜಿನ ಕೋಣೆಯೊಳಗೆ ಖುಕ್ರಿಯ ಮಾದರಿಯನ್ನು ಇರಿಸಲಾಗಿದೆ. 2000ದಲ್ಲಿ ಭಾರತೀಯ ಅಂಚೆ ಇಲಾಖೆಯು ಮುಲ್ಲಾ ಅವರ ಅಂಚೆಚೀಟಿಯನ್ನು ಹೊರತಂದಿತು. 1989ರಲ್ಲಿ ಖುಕ್ರಿ ಎಂಬ ಹೆಸರಿನ ಹೊಸ ಕ್ಷಿಪಣಿ ನೌಕೆಯು ಸೇವೆಗೆ ಸೇರಿತು. 2021ರಲ್ಲಿ ನಿವೃತ್ತಿಯಾದ ಬಳಿಕ ಅದನ್ನು ದಿಯುವಿಗೆ ಹಸ್ತಾಂತರಿಸಲಾಯಿತು. ಹ್ಯಾಂಗೋರ್ ಜಲಾಂತರ್ಗಾಮಿಯನ್ನು ಕರಾಚಿಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.